ರಾಜಾನ ಬಾಣಂತನ, ಹನ್ನೆರಡು ಕಣ್ಣು

ಕೇಶ್ವಾಪುರದ ಶಿವಬಸವ್ವನಿಗೆ ಆ ಸೋಮವಾರ ಬೆಳಿಗ್ಗೆ ಸಿಟ್ಟು ಬಂದದ್ದು ಮನೆಯ ಮೊಲ ಹಡೆಯಿತು ಎಂಬ ಕಾರಣಕ್ಕಲ್ಲ. ಅರ್ಧ ಓಣಿಯ ಬಾಣಂತನ ಮಾಡಿದ ತನಗೇ ಒಂದು ಸುಳಿವೂ ಕೊಡದೆ ಹಡೆಯಿತು ಎಂಬ ಕಾರಣಕ್ಕೆ. ಅದರ ಮೇಲೆ, ಹಡೆದ ಮೊಲದ ಹೆಸರು ರಾಜಾ.

"ಅತ್ತಿ, ಲಗೂ ಬರ್ರಿ! ರಾಜಾ ಹಡದಾನ!" ಎಂದು ಸೊಸೆ ಸೌಮ್ಯಾ ಹಿತ್ತಲಿನಿಂದ ಕೂಗಿದಾಗ ಶಿವಬಸವ್ವ ರೊಟ್ಟಿ ಬಡಿಯುತ್ತಿದ್ದಳು.

"ಗಂಡಸು ಹೆಂಗ ಹಡೀತಾನವಾ? ನಿದ್ದಿಗಣ್ಣಾಗ ಅದೀ ಏನು?" ಎನ್ನುತ್ತ ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದಳು. ಪಂಜರದೊಳಗಿನ ಕಟ್ಟಿಗೆ ಪೆಟ್ಟಿಗೆಯಲ್ಲಿ ರಾಜಾ ತನ್ನದೇ ಎದೆಯ ಕೂದಲು ಕಿತ್ತು ಮೆತ್ತೆ ಹಾಸಿತ್ತು. ಮೆತ್ತೆಯಲ್ಲಿ ಹೆಬ್ಬೆರಳಿನುದ್ದದ ಆರು ಬೆತ್ತಲೆ ಜೀವಗಳು ಮಿಸುಕುತ್ತಿದ್ದವು. ಆರಕ್ಕೂ ಕಣ್ಣು ಮುಚ್ಚಿದ್ದವು.

ರಾಜಾನನ್ನು ಇಪ್ಪತ್ತೆಂಟು ದಿನಗಳ ಹಿಂದೆ ಕೊಟ್ಟವರು ಹಿಂದಿನ ಮನೆಯ ಲಕ್ಷ್ಮೀಬಾಯಿ. "ಗಂಡು ಅದ, ಏನೂ ತ್ರಾಸು ಇಲ್ಲ" ಎಂದು ಪ್ರಮಾಣ ಮಾಡಿ ಕೊಟ್ಟಿದ್ದರು. ತಮ್ಮ ಮನೆಯಲ್ಲಿ ಉಳಿಸಿಕೊಂಡದ್ದು ರಾಣಿಯನ್ನು. ರಾಜಾ ಹಡೆದ ಮೇಲೆ ರಾಣಿ ಗಂಡಸು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೆಸರು ಬದಲಿಸೋಣ ಎಂದಳು ಸೌಮ್ಯಾ. ಆಮೇಲೆ ಕರೆದರೆ ಬರುವುದಿಲ್ಲ ಎಂದಳು ಶಿವಬಸವ್ವ. (ಮೊದಲೂ ಕರೆದರೆ ಬರುತ್ತಿರಲಿಲ್ಲ.)

ಶಿವಬಸವ್ವನ ಕೈಯಲ್ಲಿ ಆದ ಬಾಣಂತನಗಳು ನಲವತ್ತೊಂದು. ನಲವತ್ತು ಎಂದವರನ್ನು ಅವಳು ತಿದ್ದುತ್ತಿದ್ದಳು. ನಲವತ್ತೊಂದರಲ್ಲಿ ಒಂದೇ ಒಂದು ಕೂಸಿಗೂ ಕಣ್ಣಿಗೆ ಪಿಚ್ಚು ಹತ್ತಿದ್ದಿಲ್ಲ ಎಂಬುದು ಅವಳ ಕೀರ್ತಿ. ಹೀಗಾಗಿ ನಲವತ್ತೆರಡನೆಯದನ್ನೂ ಅವಳು ಶಾಸ್ತ್ರೋಕ್ತವಾಗಿಯೇ ಶುರು ಮಾಡಿದಳು. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದು ಎಂದು ರಾಜಾನ ತಲೆಗೆ ಬಟ್ಟೆ ಕಟ್ಟಲು ಕೂತಳು. ಗೇಣುದ್ದದ ಕಿವಿ, ಒಂದನ್ನು ಒಳಗೆ ತುರುಕಿದರೆ ಇನ್ನೊಂದು ಹೊರಗೆ. ಅರ್ಧ ತಾಸಿನ ಕುಸ್ತಿಯ ನಂತರ ಬಾಣಂತಿ ಬಟ್ಟೆಯನ್ನೇ ತಿಂದು ಮುಗಿಸಿತು. ಬಾಣಂತಿಗೆಂದು ಕುದಿಸಿದ ಅಳ್ವಿ ಬೀಜದ ಪಾಯಸವನ್ನು ಮೂಸಿ ನೋಡಿ ಬೆನ್ನು ತಿರುಗಿಸಿತು. ಅಂಟಿನ ಉಂಡೆಯನ್ನು ಸೌಮ್ಯಾ ತಿಂದಳು. ಕೆಂಡಕ್ಕೆ ಲೋಬಾನ, ಅಜವಾನ ಉದುರಿಸಿ ಪಂಜರಕ್ಕೆ ಬೆಳಿಗ್ಗೆ ಸಂಜೆ ಹೊಗೆ ಹಾಕುವುದಾಯಿತು. ಕೊನೆಗೆ ಹರಳೆಣ್ಣೆ ದೀಪದ ಕಾಡಿಗೆಯನ್ನು ಕಿರುಬೆರಳಿಗೆ ತಗೊಂಡು, ಮುಚ್ಚಿದ ಹನ್ನೆರಡೂ ಕಣ್ಣುಗಳ ಮೇಲೆ ಸಣ್ಣಗೆ ಎಳೆದಳು.

"ಅತ್ತಿ, ಹತ್ತು ಹನ್ನೆರಡು ದಿನ ಅವು ಕಣ್ಣು ತೆಗೆಯಂಗಿಲ್ಲಂತ. ಮುಟ್ಟಬ್ಯಾಡ್ರಿ ಅಂತ ಮೊಬೈಲ್‌ನಾಗ ಬರದಾರ."

"ನಿನ್ನ ಮೊಬೈಲ್ ಎಷ್ಟು ಬಾಣಂತನ ಮಾಡೇತಿ?"

ಸೌಮ್ಯಾ ಮೊಬೈಲನ್ನು ನೋಡಿದಳು. ಆಮೇಲೆ ಅದನ್ನು ಬದಿಗಿಟ್ಟು ಕೆಂಡಕ್ಕೆ ಗಾಳಿ ಹಾಕತೊಡಗಿದಳು.

ಸುದ್ದಿ ತಿಳಿದ ಲಕ್ಷ್ಮೀಬಾಯಿ ಹಿತ್ತಲಿನ ಗೋಡೆಯ ಆಚೆ ಸ್ಟೂಲು ಹಾಕಿ ನಿಂತರು. "ಶಿವಬಸವ್ವಾರ, ಚೊಚ್ಚಲ ಬಾಣಂತನ ತವರುಮನಿಯೊಳಗ ಆಗಬೇಕು. ರಾಜಾನ್ನ ಅಂಗೈಯಷ್ಟು ಇದ್ದಾಗಿಂದ ಬೆಳಿಸಿದಾಕಿ ನಾನು. ಕಳಿಸಿಕೊಡ್ರಿ."

"ಅದೆಂಗ್ರಿ ಲಕ್ಷ್ಮೀಬಾಯಾರ? ಗಂಡ ಇರೋದು ನಿಮ್ಮ ಮನ್ಯಾಗ. ಗಂಡ ಇದ್ದದ್ದು ಗಂಡನ ಮನಿ. ಬಸರಿ ಆಗಿ ನಮ್ಮ ಮನಿಗೆ ಬಂದಾಳ, ಅಂದಮ್ಯಾಲೆ ತವರುಮನಿ ನಮ್ದು."

"ಬಸರಿ ಅಂತ ನಿಮಗ ಗೊತ್ತೇ ಇದ್ದಿಲ್ಲ!"

"ಗಂಡಸು ಅಂತ ಕೊಟ್ಟೋರು ಯಾರ್ರಿ?"

ಲಕ್ಷ್ಮೀಬಾಯಿ ಸ್ಟೂಲಿನಿಂದ ಇಳಿದರು.

ಒಂಬತ್ತನೆಯ ದಿನ ಮರಿಗಳಿಗೆ ಮೈತುಂಬ ರೇಷ್ಮೆಯಂಥ ಕೂದಲು ಬಂದಿತ್ತು. ಆದರೆ ಎರಡು ಮರಿಗಳ ರೆಪ್ಪೆ ಕಡಲೆಕಾಳಿನಂತೆ ಉಬ್ಬಿದ್ದವು. ಒಂದರ ಕಣ್ಣಂಚಿನಲ್ಲಿ ಹಳದಿ ಕೀವು ಕಾಣುತ್ತಿತ್ತು. ಶಿವಬಸವ್ವ ಆ ಮರಿಯನ್ನೆತ್ತಿ ಬೆಳಕಿಗೆ ಹಿಡಿದಳು. ನಲವತ್ತೊಂದು ಬಾಣಂತನಗಳ ಕೀರ್ತಿ ಆ ಕಾಳಿನಷ್ಟು ರೆಪ್ಪೆಯ ಮೇಲೆ ಬಂದು ಕೂತಿತ್ತು. ಗೋಡೆಯ ಮೇಲಿನಿಂದ ಅದನ್ನು ನೋಡಿಬಿಟ್ಟವರು ಮತ್ತೆ ಲಕ್ಷ್ಮೀಬಾಯಿ.

"ಕಣ್ಣು ಬಂದಾವಲ್ರಿ! ಇದೇನ್ರಿ ನಿಮ್ಮ ಬಾಣಂತನ? ಕೇಳ್ರಿ ಇಲ್ಲೆ. ಹದಿಮೂರನೇ ದಿವಸ ತೊಟ್ಟಿಲದ್ದು. ಅವತ್ತು ನಾನು ಬರ್ತೀನಿ. ಹನ್ನೆರಡೂ ಕಣ್ಣು ತೆರೆದಿರಬೇಕು. ಒಂದು ಮುಚ್ಚಿದ್ದರೂ ಬಾಣಂತೀನ್ನ ಮಕ್ಕಳ ಸಹಿತ ನಮ್ಮ ಮನಿಗೆ ಕರಕೊಂಡು ಹೋಗ್ತೀನಿ. ಹಿತ್ತಲ ಬಾಗಿಲಿನಿಂದ ಅಲ್ಲ, ಓಣಿಯೊಳಗಿಂದ."

ಬಾಣಂತಿಯನ್ನು ಅರ್ಧಕ್ಕೇ ಎಬ್ಬಿಸಿಕೊಂಡು ಓಣಿಯೊಳಗಿಂದ ಹೋಗುವುದು! ಶಿವಬಸವ್ವ ಅವತ್ತು ನೀರೂ ಕುಡಿಯದೆ, ಮರಿಗಳನ್ನು ರೊಟ್ಟಿ ಬುಟ್ಟಿಯಲ್ಲಿಟ್ಟುಕೊಂಡು, ಸೌಮ್ಯಾಳ ಸ್ಕೂಟಿಯ ಹಿಂದೆ ಕೂತು ದೇಶಪಾಂಡೆ ನಗರದ ದನದ ಡಾಕ್ಟರ್ ರಿಯಾಜನ ಹತ್ತಿರ ಬಂದಳು.

ಡಾಕ್ಟರ್ ಒಂದು ಮರಿಯನ್ನು ಅಂಗೈ ಮೇಲಿಟ್ಟುಕೊಂಡು ಹುಬ್ಬೇರಿಸಿದ. "ಅಜ್ಜಿ, ಇದೇನ್ರಿ ಕರೀದು?"

"ಕಾಡಗಿ. ಮನ್ಯಾಗ ಮಾಡಿದ್ದು, ಅಂಗಡೀದಲ್ಲ."

"ಈ ವಾಸನಿ?"

"ಲೋಬಾನ. ಮುಂಜಾನೆ ಒಮ್ಮೆ, ಸಂಜಿಕ್ಕ ಒಮ್ಮೆ. ನಡುವ ಹಾಕಿಲ್ಲ."

"ಹಾಸಿಗಿ ಯಾವಾಗ ಬದಲಿ ಮಾಡೀರಿ?"

"ಹಡದಾಗಿನಿಂದ ಮುಟ್ಟೇ ಇಲ್ಲ. ಬಾಣಂತಿ ಹಾಸಿಗಿ ಅಲ್ಲೇನ್ರಿ?"

ಡಾಕ್ಟರ್ ನಗು ನುಂಗಿಕೊಂಡ. "ಅಜ್ಜಿ, ನೀವು ಭಾಳ ಛಲೋ ಬಾಣಂತನ ಮಾಡೀರಿ. ಅದಕ್ಕೇ ಕಣ್ಣು ಬಂದಾವು."

ಆಮೇಲೆ ಕೈ ತೊಳೆದುಕೊಂಡು ಮಾಡಿ ತೋರಿಸಿದ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಉಗುರುಬೆಚ್ಚಗೆ. ಅದರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ರೆಪ್ಪೆಯ ಮೇಲೆ ಎರಡು ಮೂರು ನಿಮಿಷ ಇಟ್ಟ. ಅಂಟು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಹಗುರವಾಗಿ ಒರೆಸಿದ. ಕೀವು ತುಂಬಿದ್ದ ಕಣ್ಣನ್ನು ತಾನೇ ಬಿಡಿಸಿ ತೊಳೆದು, ಎಳ್ಳುಕಾಳಿನಷ್ಟು ಮುಲಾಮು ಹಾಕಿದ. "ಕೀವು ಒಳಗೇ ಉಳಿದ್ರ ಕಣ್ಣು ಹೋಗತಾವು. ದಿನಕ್ಕ ಮೂರು ಸಲ ಹಿಂಗ ಮಾಡ್ರಿ. ಒಂದು ಕಣ್ಣಿಗೆ ಒಂದೇ ಹತ್ತಿ. ಛಲೋ ಇದ್ದ ಮರಿ ಮೊದಲು, ಬ್ಯಾನಿ ಇದ್ದದ್ದು ಕಡೀಕ. ಉಗುರು ಹಚ್ಚಿ ಎಳೀಬ್ಯಾಡ್ರಿ. ಹಸಿಯಾದ ಹುಲ್ಲು ತಗದು ಒಣಗಿದ್ದು ಹಾಕ್ರಿ, ತಾಯಿ ಕೂದಲದಾಗ ಛಲೋದಷ್ಟು ಹಂಗೇ ಇಡ್ರಿ. ಕಾಡಗಿ ಬಂದ್. ಹೊಗಿ ಬಂದ್."

"ಮತ್ತ ಅದು ಮರಿಗೆ ಹಾಲೇ ಕುಡಸೂದಿಲ್ರಿ. ಹಗಲೆಲ್ಲಾ ದೂರ ಕೂತಿರತೈತಿ."

"ದಿನಕ್ಕ ಒಂದೆರಡು ಸಲ, ಅದೂ ನಾಕೈದು ನಿಮಿಷ ಅಷ್ಟ. ಮೊಲದ ರೀತೀನೇ ಹಂಗ. ನೀವು ಅದಕ್ಕ ಬೈಬ್ಯಾಡ್ರಿ."

(ಬೈದದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಶಿವಬಸವ್ವ ದಾರಿಯುದ್ದಕ್ಕೂ ಯೋಚಿಸಿದಳು.)

ಅಂದಿನಿಂದ ಶಿವಬಸವ್ವನ ಮನೆ ದವಾಖಾನೆಯಾಯಿತು. ಅವಳು ಅಡುಗೆಮನೆಯ ಗೋಡೆಗೆ ಕುಂಕುಮದ ಹನ್ನೆರಡು ಬೊಟ್ಟು ಇಟ್ಟಳು. ಕಣ್ಣೊಂದು ತೆರೆದರೆ ಅದರ ಬೊಟ್ಟಿನ ಮೇಲೆ ಒಂದು ಗೀಟು. ಹತ್ತಿಯ ಉಂಡೆಗಳನ್ನು ಎಣಿಸಿ ಹನ್ನೆರಡರ ಗುಂಪು ಮಾಡಿಟ್ಟಳು. ಕೈ ತೊಳೆಯದೆ ಪಂಜರದ ಹತ್ತಿರ ಹೋದವರಿಗೆ ಕ್ಷಮೆಯಿಲ್ಲ. ತಾರಿಹಾಳದ ಕಾರ್ಖಾನೆಯಿಂದ ಬಂದ ಮಗ ಬಸವಕಿರಣ ಒಂದು ಸಂಜೆ ಸುಮ್ಮನೆ ಬಗ್ಗಿ ನೋಡಿದ್ದಕ್ಕೆ ಎರಡು ಸಲ ಸಾಬೂನು ಹಚ್ಚಿಕೊಳ್ಳಬೇಕಾಯಿತು.

"ಯವ್ವಾ, ಬರೇ ನೋಡಿದ್ದು!"

"ನೋಟದಾಗೂ ಧೂಳ ಇರತೈತಿ. ತಾರಿಹಾಳದ್ದು."

ಡಾಕ್ಟರ್ ಬಿಡಿಸಿದ್ದೂ ಸೇರಿ ಹನ್ನೊಂದನೆಯ ದಿನಕ್ಕೆ ಏಳು ಕಣ್ಣು ತೆರೆದಿದ್ದವು. ಹನ್ನೆರಡನೆಯ ದಿನ ಇನ್ನೂ ನಾಲ್ಕು. ಹದಿಮೂರರ ಬೆಳಿಗ್ಗೆ ಗೋಡೆಯ ಮೇಲೆ ಗೀಟಿಲ್ಲದೆ ಉಳಿದದ್ದು ಒಂದೇ ಬೊಟ್ಟು, ಎಲ್ಲಕ್ಕಿಂತ ಸಣ್ಣ ಮರಿಯ ಬಲಗಣ್ಣು. ಉಬ್ಬು ಇಳಿದಿತ್ತು, ಕೀವೂ ಇರಲಿಲ್ಲ. ಆದರೆ ರೆಪ್ಪೆ ಮಾತ್ರ ಜಪ ಹಿಡಿದವರ ಹಾಗೆ ಮುಚ್ಚಿಕೊಂಡಿತ್ತು.

ಲಕ್ಷ್ಮೀಬಾಯಿ ಹೇಳಿದ ಹೊತ್ತಿಗೆ ಸರಿಯಾಗಿ, ಇಳಕಲ್ ಸೀರೆ ಉಟ್ಟು, ಓಣಿಯ ಬಾಗಿಲಿನಿಂದಲೇ ಬಂದರು. ಒಂದು ಕೈಯಲ್ಲಿ ಮರಿಗಳ ತಲೆಗೆ ಕಟ್ಟಲು ಬೆರಳಿಗೆ ಹಾಕುವಷ್ಟು ಸಣ್ಣ ಆರು ಕುಂಚಿಗೆಗಳು, ತಾವೇ ಹೊಲಿದದ್ದು. ಇನ್ನೊಂದು ಕೈಯಲ್ಲಿ ಮುಚ್ಚಳದ ಬುಟ್ಟಿ. "ತೊಟ್ಟಿಲಿಗೆ ಅಪ್ಪ ಬ್ಯಾಡೇನ್ರಿ? ರಾಣೀನ್ನ ತಂದೀನಿ" ಎಂದು ಬುಟ್ಟಿಯನ್ನು ಹಿತ್ತಲ ಕಟ್ಟೆಯ ಮೇಲೆ, ಪಂಜರದ ಪಕ್ಕದಲ್ಲೇ ಇಟ್ಟರು.

ಶಿವಬಸವ್ವ ಪಂಜರದಿಂದ ಮರಿಗಳನ್ನೆತ್ತಿ ಬಟ್ಟೆ ಹಾಸಿದ ಮೊರದಲ್ಲಿಟ್ಟು ನಡುಮನೆಗೆ ತಂದಳು. ಲಕ್ಷ್ಮೀಬಾಯಿ ಕನ್ನಡಕ ಏರಿಸಿಕೊಂಡು, ಒಂದೊಂದನ್ನೇ ಬಗ್ಗಿ ನೋಡಿ, ಬೆರಳು ಮಡಿಚುತ್ತ ಎಣಿಸಿದರು. "ಹನ್ನೊಂದು."

"ಇನ್ನೊಂದು ಮಲಗೇತ್ರಿ."

"ಒಂದೇ ಕಣ್ಣು ಮಲಗ್ಯದ?"

"ಹೂಂ ಮತ್ತ. ಭಾಳ ಶಾಣ್ಯಾ ಐತಿ. ಒಂದು ಕಣ್ಣು ಮಲಗಿದಾಗ ಇನ್ನೊಂದು ಕಣ್ಣಿಲೆ ಮನಿ ಕಾಯತೈತಿ."

"ಶಿವಬಸವ್ವಾರ!"

ಸುಳ್ಳು ಹೇಳಿ ಅಭ್ಯಾಸವಿರದ ಶಿವಬಸವ್ವ ಹತ್ತಿಯ ಬಟ್ಟಲು ಎಳೆದುಕೊಂಡು ಕೂತಳು. "ಒಂದು ಸಲದ್ದು ಹತ್ತಿ ಬಾಕಿ ಐತ್ರಿ. ಅದೊಂದು ಇಟ್ಟು ನೋಡೂಣು. ಆಮ್ಯಾಲೆ ನೀವು ಹೇಳಿದಂಗ."

ಲಕ್ಷ್ಮೀಬಾಯಿ ಆ ಮುಖ ನೋಡಿ ಕುಂಚಿಗೆಗಳನ್ನು ಕೆಳಗಿಟ್ಟರು. "ತರ್ರಿ, ಬಟ್ಟಲ ನಾ ಹಿಡೀತೀನಿ."

"ಕೈ ತೊಳಕೊಂಡ್ರೇನು?"

"ಸ್ನಾನ ಮಾಡಿ ಮಡಿಯೊಳಗ ಬಂದೀನ್ರಿ!"

"ಮಡಿ ದೇವ್ರಿಗೆ ಸಾಕು. ಡಾಕ್ಟರಗ ಸಾಬೂನು ಬೇಕು."

ಲಕ್ಷ್ಮೀಬಾಯಿ ಗೊಣಗುತ್ತ ಹೋಗಿ ತೊಳೆದುಕೊಂಡು ಬಂದರು. ಎರಡು ಬಿಳಿ ತಲೆಗಳು ಒಂದು ಮರಿಯ ಮೇಲೆ ಬಗ್ಗಿದವು. ಹತ್ತಿ ಇಟ್ಟರು. ಸೌಮ್ಯಾ ಮೊಬೈಲಿನಲ್ಲಿ ಮೂರು ನಿಮಿಷ ಎಣಿಸಿದಳು. (ಮೊಬೈಲಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.) ಶಿವಬಸವ್ವ ಮೂಗಿನ ಕಡೆಯಿಂದ ಹೊರಕ್ಕೆ, ಹೂವಿನ ಮೇಲಿನ ಧೂಳು ತೆಗೆಯುವಂತೆ ಒರೆಸಿದಳು. ರೆಪ್ಪೆ ನಡುಗಿತು. ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಒಳಗಿನಿಂದ ಮೆಣಸಿನ ಕಾಳಿನಂಥ ಕಪ್ಪು ಕಣ್ಣೊಂದು ಹೊರಗೆ ಬಂದು, ಮೊಟ್ಟಮೊದಲಿಗೆ ಲಕ್ಷ್ಮೀಬಾಯಿಯವರ ಮೂಗನ್ನು ನೋಡಿತು.

"ಬಿಡ್ತು! ಕಣ್ಣು ಬಿಡ್ತು!" ಎಂದು ಕೂಗಿದವರು ಲಕ್ಷ್ಮೀಬಾಯಿಯೇ. ಬಟ್ಟಲಿನ ಉಪ್ಪುನೀರೆಲ್ಲ ಇಳಕಲ್ ಸೀರೆಯ ಮೇಲೆ. ಇಬ್ಬರೂ ಕೈ ಹಿಡಿದುಕೊಂಡು ಕೂತಲ್ಲೇ ಕುಣಿದರು. ಲಕ್ಷ್ಮೀಬಾಯಿ ಕಣ್ಣೊರೆಸಿಕೊಂಡು ಹೇಳಿಯೇ ಬಿಟ್ಟರು: "ಸೋತೆ ನಾನು. ತವರುಮನಿ ನಿಮ್ದೇ. ಇಂಥ ಬಾಣಂತನ ನನ್ನ ಕೈಲೆ ಆಗ್ತಿದ್ದಿಲ್ಲ."

ಶಿವಬಸವ್ವ ವಿಜಯದ ಗೀಟು ಎಳೆಯಲು ಎದ್ದಳು. ಆಗ ಮರಿಗಳನ್ನು ತಾಯಿಯ ಹತ್ತಿರ ಒಯ್ದಿದ್ದ ಸೌಮ್ಯಾ, ಒಯ್ದ ಮೊರದೊಂದಿಗೇ ವಾಪಸ್ಸು ಬಂದಳು.

"ಅತ್ತಿ, ಪಂಜರದ ಬಾಗಲಾ ತಗದು ಹಂಗೇ ಬಂದಿದ್ರಿ ಏನು?"

"ಯಾಕ? ರಾಜಾ ಓಡಿ ಹೋದ್ಲಾ?"

"ಇಲ್ಲ. ರಾಣಿ ಒಳಗ ಹೋಗ್ಯಾನ."

ಹಿತ್ತಲಿಗೆ ಓಡಿ ನೋಡಿದರೆ, ಬುಟ್ಟಿಯ ಮುಚ್ಚಳ ನೆಲದ ಮೇಲೆ. ಗಂಡ ಹೆಂಡತಿ ಪಂಜರದಲ್ಲಿ ಮೈಗೆ ಮೈ ಹಚ್ಚಿ, ಎಲ್ಲಾ ಮುಗಿದವರ ಹಾಗೆ ನೆಮ್ಮದಿಯಿಂದ ಮೂಗು ಅಲ್ಲಾಡಿಸುತ್ತಿದ್ದವು. ಶಿವಬಸವ್ವ ಸೌಮ್ಯಾಳಿಂದ ಡಾಕ್ಟರಿಗೆ ಫೋನು ಮಾಡಿಸಿದಳು.

"ಎಷ್ಟು ಹೊತ್ತು ಕೂಡಿದ್ವು ಅಜ್ಜಿ?"

"ಒಂದು ಕಣ್ಣು ತೆಗೆಯೋ ಅಷ್ಟು."

"ಅಯ್ಯ, ಅರ್ಧಾ ನಿಮಿಷ ಸಾಕ್ರಿ ಅವಕ್ಕ. ಬಾಣಂತಿ ಇದ್ದಾಗೂ ಬಸರು ನಿಲ್ಲತಾವು. ಇವತ್ತಿನಿಂದ ಒಂದು ತಿಂಗಳ ಎಣಸ್ರಿ. ಈ ಸಲ ಎಂಟು ಹತ್ತು ಆದ್ರೂ ಆದಾವು."

ಶಿವಬಸವ್ವ ಕಡೆಯ ಅಸ್ತ್ರ ಪ್ರಯೋಗಿಸಿದಳು. "ಲಕ್ಷ್ಮೀಬಾಯಾರ, ಚೊಚ್ಚಲದ್ದು ತವರುಮನ್ಯಾಗ ಆತು. ಎರಡನೇದು ಗಂಡನ ಮನ್ಯಾಗ ಆಗೋದು ರೀತಿ. ರಾಜಾನ್ನ ಕರಕೊಂಡು ಹೋಗ್ರಿ."

ಖಾಲಿ ಬುಟ್ಟಿಯನ್ನು ಕಂಕುಳಿಗೇರಿಸಿ ಆಗಲೇ ಬಾಗಿಲು ದಾಟಿದ್ದ ಲಕ್ಷ್ಮೀಬಾಯಿ ಪ್ರಸನ್ನವಾಗಿ ತಿರುಗಿದರು. "ಗಂಡ ಇದ್ದದ್ದು ಗಂಡನ ಮನಿ ಅಂದೋರು ನೀವೇ ಅಲ್ಲೇನ್ರಿ? ಗಂಡನ್ನ ಇಲ್ಲೇ ಬಿಟ್ಟು ಹೊಂಟೀನಿ. ಇನ್ನ ತವರುಮನೀನೂ ನಿಮ್ದೇ, ಗಂಡನ ಮನೀನೂ ನಿಮ್ದೇ!"

ಓಣಿಯುದ್ದಕ್ಕೂ ಅವರ ನಗು ಕೇಳಿಸುತ್ತಿತ್ತು.

ಸೌಮ್ಯಾ ಮೊರ ಹಿಡಿದುಕೊಂಡೇ ನಿಂತಿದ್ದಳು. "ಅತ್ತಿ, ಹತ್ತಿ ಇನ್ನೊಂದು ಪಾಕೀಟ ತರ್ಲ್ಯಾ?"

ಶಿವಬಸವ್ವ ಬೆರಳು ಮಡಿಚಿ ಎಣಿಸಲು ಶುರು ಮಾಡಿದಳು. ಹತ್ತು ಮರಿ, ಇಪ್ಪತ್ತು ಕಣ್ಣು, ದಿನಕ್ಕೆ ಮೂರು ಸಲ. ಎರಡೂ ಕೈಯ ಬೆರಳು ಮುಗಿದವು. "ಪಾಕೀಟದಾಗ ಆಗೂ ಮಾತಲ್ಲ ಇದು. ಬಸವಕಿರಣಗ ಫೋನ್ ಹಚ್ಚು" ಎಂದಳು. "ತಾರಿಹಾಳದಾಗ ಹತ್ತಿ ಗಿರಣಿ ಯಾವುದರ ಐತೇನು ಕೇಳು."