ಹಸಿರು ಟೇಪು, ನೀಲಿ ಟೇಪು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಾಗ ಕಷಾಯಣ್ಣನ ಮುಖ ಊರಗಲವಾಗಿತ್ತು. ಸದಾ ಸೊಪ್ಪು ಕುದಿಸುತ್ತ ಕೂರುವವನಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಅದು. ಮುಂದಿದ್ದವು ನಾಲ್ಕು ತಟ್ಟೆ, ಎಲ್ಲದರಲ್ಲೂ ಸ್ತನ ಕ್ಯಾನ್ಸರಿನ ಜೀವಕೋಶಗಳು. ಕೆಂಪು ಟೇಪಿನ ಬಾಟಲಿಯಿಂದ ಹನಿ ಬಿದ್ದ ತಟ್ಟೆಯಲ್ಲೂ ಹಸಿರು ಟೇಪಿನದರಲ್ಲೂ ಅವು ಮುದುಡಿ ಸತ್ತಿದ್ದವು. ಹಳದಿಯಲ್ಲಿ ಇದ್ದ ಹಾಗೇ ಇದ್ದವು. ನೀಲಿಯಲ್ಲಂತೂ ಮದುವೆ ಊಟ ಮುಗಿಸಿದ ನೆಂಟರಂತೆ ಮೈತುಂಬಿಕೊಂಡು ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ತಂತಮ್ಮ ಗಿಡದಲ್ಲಿ ಯಾರಿಗೂ ಕುಂದು ಕಾಣುವುದಿಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಟಲಿಗಳ ಹೆಸರು ಮುಚ್ಚಿ ತಾವೇ ಬಣ್ಣದ ಟೇಪು ಸುತ್ತಿ ಕೊಡುತ್ತಿದ್ದರು. ಈ ಸಲ ಒಂದರಲ್ಲಿ ಕಷಾಯಣ್ಣ ಮನೆಯ ಕುಂಡದಲ್ಲಿ ಬೆಳೆಸಿದ ಎಲೆಯ ರಸ, ಒಂದರಲ್ಲಿ ಪಕ್ಕದ ಮೇಜಿನ ಗಡ್ಡದವನು ತಂದ ಬೇರಿನ ರಸ. ಹೋಲಿಸಿ ನೋಡಲು ಆಸ್ಪತ್ರೆಯಲ್ಲಿ ಕೊಡುವ ಔಷಧಿ ಒಂದರಲ್ಲಿ, ಏನೂ ಬೆರೆಸದ ದ್ರಾವಣ ಇನ್ನೊಂದರಲ್ಲಿ. ಯಾವುದು ಯಾವುದೆಂದು ಸಂಜೆ ಎಲ್ಲರೆದುರು ಟೇಪು ಕಿತ್ತಾಗಲೇ ಗೊತ್ತಾಗಬೇಕು.

ಅಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು. ಯಾರ ಗಿಡ ಇನ್ನೂ ಗೆದ್ದಿಲ್ಲವೋ ಅವರಲ್ಲಿ ಎಲ್ಲರಿಗಿಂತ ಹಳಬರು ರಜೆಯ ದಿನ ಬಂದು ಎಲ್ಲರ ಕೋಶಗಳಿಗೂ ಊಟ ಹಾಕಬೇಕು. ಅವುಗಳಿಗೆ ರಜೆ ಗಿಜೆ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ಪೋಷಕ ದ್ರವ ಬದಲಿಸದಿದ್ದರೆ ಸತ್ತೇ ಹೋಗುತ್ತವೆ. ಹಾಗಾಗಿ ಕಷಾಯಣ್ಣ ತನ್ನ ಭಾನುವಾರಗಳನ್ನೆಲ್ಲ ಅವುಗಳ ಬಾಯಿಗೆ ಹಾಕಿದ್ದ. ಈ ಭಾನುವಾರ ಮಗಳನ್ನು ದೋಣಿಗೆ ಕೂರಿಸುತ್ತೇನೆಂದು ಮಾತು ಬೇರೆ ಕೊಟ್ಟಿದ್ದ. ಎಲೆ ಗೆದ್ದರೆ ಆ ಪಾಳಿ ನಂತರದ ಹಳಬನಾದ ಗಡ್ಡದವನ ಪಾಲಿಗೆ.

"ಸತ್ತಿರೋದ್ರಲ್ಲಿ ಒಂದು ಆಸ್ಪತ್ರೆ ಔಷಧಿ, ಇನ್ನೊಂದು ನಂದು," ಎಂದು ಕಷಾಯಣ್ಣ ಗಡ್ಡದವನತ್ತ ತಿರುಗಿದ. "ನೀಲಿ ನಿಂದು ಕಣಯ್ಯಾ. ಕೊಲ್ಲು ಅಂದ್ರೆ ಸಾಕಿ ಸಲಹಿದೆ ನೋಡು."

ಸಂಜೆವರೆಗೆ ತಡ್ಕೊಳ್ಳಿ ಸಾರ್ ಎಂದು ಗಡ್ಡದವನು ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಕಷಾಯಣ್ಣ ಹೆಂಡತಿಗೆ ಫೋನ್ ಹಚ್ಚಿಯಾಗಿತ್ತು. ಎಲೆ ಗೆದ್ದಿತೆಂದು ಹೇಳಿ, ಯಾರಿಗೂ ಹೇಳಬೇಡ ಎಂದೂ ಸೇರಿಸಿದ. ಅವಳು ಮೇಲಿನ ಮನೆಯ ನಿವೃತ್ತ ಗುಮಾಸ್ತರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಉಳಿದ ಮನೆಗಳನ್ನು ಗುಮಾಸ್ತರು ನೋಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಒಬ್ಬರಿಗೆ ಮಂಡಿನೋವಿಗೆ ಎಷ್ಟು ಎಲೆ ಅರೆಯಬೇಕೆಂದು ತಿಳಿಯಬೇಕಿತ್ತು, ಇನ್ನೊಬ್ಬರಿಗೆ ಕೂದಲು ಉದುರುವುದಕ್ಕೆ ಆಗುತ್ತದೆಯೇ ಎಂದು. ಗುಮಾಸ್ತರು ಕಷಾಯಣ್ಣನ ಮನೆಯ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು ಸರದಿಯ ಮೇಲೆ ಎಲೆ ಕೊಡುತ್ತಿದ್ದಾರೆಂದು ಸುದ್ದಿ ಬಂತು. ಕಷಾಯಣ್ಣನಿಗೆ ಕೋಪ ಬರಬೇಕಿತ್ತು, ಒಳಗೊಳಗೇ ಖುಷಿಯಾಯಿತು.

ಆಮೇಲೆ ಎದುರುಮನೆ ದೊಡ್ಡಮ್ಮ ಫೋನ್ ಮಾಡಿದರು. ಅವರಿಗೆ ಅದೇ ಸ್ತನ ಕ್ಯಾನ್ಸರ್, ಚಿಕಿತ್ಸೆ ಅರ್ಧ ಆಗಿತ್ತು.

"ನಾಳೆ ಇಂಜೆಕ್ಷನ್ ಇದೆ ಕಣಪ್ಪ. ತುಂಬಾ ಸುಸ್ತಾಗುತ್ತೆ. ಬಿಟ್ಟು, ನಿನ್ನ ಎಲೇನೇ ಕುಡಿದುಬಿಡ್ಲಾ?"

ಅಷ್ಟು ಹೊತ್ತು ಹಾರಾಡುತ್ತಿದ್ದ ಕಷಾಯಣ್ಣ ಧೊಪ್ಪನೆ ನೆಲಕ್ಕೆ ಬಂದ.

"ಬೇಡ ದೊಡ್ಡಮ್ಮ, ನಿಮ್ಮ ದಮ್ಮಯ್ಯ. ತಟ್ಟೇಲಿ ಸತ್ರೆ ಮೈಯಲ್ಲೂ ಸಾಯುತ್ತೆ ಅಂತಲ್ಲ. ಅದಕ್ಕಿನ್ನೂ ವರ್ಷಗಟ್ಟಲೆ ಕೆಲಸ ಇದೆ. ಒಂದೆಲೆನೂ ಬಾಯಿಗೆ ಹಾಕ್ಬೇಡಿ. ನಾಳೆ ಆಸ್ಪತ್ರೆಗೆ ಹೋಗಿ."

ಅವರು ಹೂಂ ಎನ್ನುವ ತನಕ ಬಿಡಲಿಲ್ಲ. ಹೆಂಡತಿಗೂ ಫೋನ್ ಮಾಡಿ, ಎಲೆ ಒಯ್ದವರೆಲ್ಲರಿಂದ ವಾಪಸ್ ಇಸಿದುಕೊಂಡು ಕಸಕ್ಕೆ ಹಾಕು ಎಂದು ಗದರಿದ. ಆದರೆ ಗೆದ್ದವನು ತಾನೇ ಎನ್ನುವುದರಲ್ಲಿ ಮಾತ್ರ ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಗಡ್ಡದವನನ್ನು ಕೂರಿಸಿಕೊಂಡು ಊಟ ಹಾಕುವ ಪಾಠ ಶುರುಮಾಡಿದ. ದ್ರವ ಎಷ್ಟು ಬೆಚ್ಚಗಿರಬೇಕು, ತಟ್ಟೆಯ ಅಂಚಿನಿಂದ ಹೇಗೆ ಬಿಡಬೇಕು, ಎಲ್ಲ ಹೇಳಿಕೊಟ್ಟ. ಇನ್‌ಕ್ಯುಬೇಟರ್ ಕೋಣೆಯ ಬೀಗದ ಕೈಯನ್ನೂ ಅವನ ಅಂಗೈಗೆ ಹಾಕಿ ಭುಜ ತಟ್ಟಿದ. ಗಡ್ಡದವನು ಎಲ್ಲದಕ್ಕೂ ತಲೆಯಾಡಿಸಿದ.

ಸಂಜೆ ಮೇಡಂ ಬಂದು ಕೆಂಪು ಟೇಪು ಕಿತ್ತರು. ಆಸ್ಪತ್ರೆಯ ಔಷಧಿ. ಕಷಾಯಣ್ಣ ಎಲ್ಲರ ಮುಖ ನೋಡಿ ನಕ್ಕ. ಹಳದಿ, ಬರೀ ದ್ರಾವಣ. ಅವನು ಕೂದಲು ಸರಿಮಾಡಿಕೊಂಡ. ಹಸಿರು ಟೇಪು ಬಿಚ್ಚಿಕೊಂಡಿತು, ಕೆಳಗೆ ಗಡ್ಡದವನ ಬೇರಿನ ಹೆಸರಿತ್ತು. ನೀಲಿಯನ್ನು ಕೀಳುವ ಅಗತ್ಯವೇ ಉಳಿದಿರಲಿಲ್ಲ, ಆದರೂ ಮೇಡಂ ಕಿತ್ತರು.

ಗಡ್ಡದವನು ಜೇಬಿನಿಂದ ಬೀಗದ ಕೈ ತೆಗೆದು ಕಷಾಯಣ್ಣನ ಮುಂದಿಟ್ಟ. ಪಾಠ ಚೆನ್ನಾಗಿತ್ತು ಸಾರ್ ಎಂದ, ಪಾಪ, ನಿಜವಾಗಿಯೇ ಹೇಳಿದ.

ಮೇಡಂ ಮಾತ್ರ ನೀಲಿ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ಸೊಂಪಾಗಿ ಬೆಳೆದ ಕೋಶ ನಾನು ನೋಡೇ ಇಲ್ಲ," ಎಂದರು. "ನಮ್ಮ ಪರೀಕ್ಷೆಗಳಿಗೆ ಕೋಶ ಸಾಲದೇ ಒದ್ದಾಡ್ತಿದ್ವಿ. ಇನ್ಮೇಲೆ ಊಟಕ್ಕೆ ನಿಮ್ಮ ಎಲೆ ರಸಾನೂ ಸೇರಿಸೋಣ. ಪಾಳಿ ಗೀಳಿ ಬೇಡ, ಖಾಯಂ ನೀವೇ ನೋಡ್ಕೊಳ್ಳಿ. ಭಾನುವಾರ ಬರ್ತಾ ಒಂದು ಬುಟ್ಟಿ ಎಲೆ ತನ್ನಿ."

ಮನೆಗೆ ಬಂದರೆ ಕುಂಡದಲ್ಲಿ ಕಡ್ಡಿ ಮಾತ್ರ ನಿಂತಿತ್ತು. ಎದುರುಮನೆ ದೊಡ್ಡಮ್ಮ ಬಾಗಿಲಲ್ಲಿ ಕೂತು ನಾಳೆಯ ಆಸ್ಪತ್ರೆ ಚೀಲ ತುಂಬುತ್ತಿದ್ದರು, ಅವನನ್ನು ಕಂಡು ಕೈ ಎತ್ತಿದರು. ಆ ದಿನ ಅವನಿಗೆ ಸಮಾಧಾನವಾದದ್ದು ಅದೊಂದೇ. ಒಳಗೆ ಮಗಳು ದೋಣಿಗೆಂದು ತಂದ ಹೊಸ ಟೋಪಿ ಹಾಕಿಕೊಂಡೇ ಕೂತಿದ್ದಳು.

"ಏನಾಯ್ತು ರೀ? ಎಲೆ ಕೆಲಸ ಮಾಡ್ತಾ?" ಎಂದು ಹೆಂಡತಿ ಕೇಳಿದಳು.

"ಭರ್ಜರಿ ಕೆಲಸ ಮಾಡ್ತು," ಎಂದ ಕಷಾಯಣ್ಣ. "ಯಾರಿಗೆ ಅಂತ ಮಾತ್ರ ಕೇಳ್ಬೇಡ."