ಮದುವೆ ಫೋಲ್ಡರಿನ ಮುಷ್ಕರ

"ಊರಿನ ನೀರನ್ನೆಲ್ಲ ಹೇಳಿದ ದಾರೀಲಿ ಹರಿಸಿದವನು ನಾನು! ಈ ಡಬ್ಬ ನನಗ್ಯಾವ ಲೆಕ್ಕ? ಯಾರನ್ನೂ ಕರೀಬೇಡ!"

ಹೀಗೆ ಅಜ್ಜಿಯ ಮೇಲೆ ಗುಡುಗಿ ಪ್ಲಂಬರ್ ತಾತ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಸ್ಪ್ಯಾನರ್ ಮಾತ್ರ ಇನ್ನೂ ಜೇಬಿನಲ್ಲೇ. ಒಮ್ಮೆ ಒಡೆದ ದೊಡ್ಡ ಪೈಪಿಗೆ ಹೆಬ್ಬೆರಳು ಒತ್ತಿ ಹಿಡಿದು ಇಡೀ ಪೇಟೆಯನ್ನೇ ಮುಳುಗದಂತೆ ಕಾದವನಂತೆ. ಊಟ, ನಿದ್ದೆ ಎಲ್ಲ ಅಲ್ಲೇ ನಿಂತುಕೊಂಡೇ! ಹೇಳಿದ್ದು ಅವನೇ, ಹಾಗಾಗಿ ನಂಬಲೇಬೇಕು.

ಸಂಕಟ ಇಷ್ಟೇ. ಸಂಜೆ ಹೊಸ ಬೀಗರು ಬರುವವರಿದ್ದರು. ಮೊಮ್ಮಗಳ ಮದುವೆ ವಿಡಿಯೋಗಳನ್ನೆಲ್ಲ ಟಿವಿಯಲ್ಲಿ ತೋರಿಸುತ್ತೇನೆಂದು ತಾತ ಅವರ ಮುಂದೆ ಜಂಬ ಕೊಚ್ಚಿಕೊಂಡಾಗಿತ್ತು. ಆದರೆ ಆ ಫೋಲ್ಡರ್ ತೆರೆದರೆ ಸಾಕು, ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಮೂಡುತ್ತ ಮೂಡುತ್ತ... ಫಟ್! ಎಲ್ಲವೂ ಮಾಯ. ಫೋಟೋಗಳ ಫೋಲ್ಡರ್ ತೆರೆಯುತ್ತದೆ, ಹಾಡುಗಳದ್ದು ತೆರೆಯುತ್ತದೆ, ಮದುವೆಯದ್ದು ಮಾತ್ರ ಮುಷ್ಕರ!

ತಾತ ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದ. ಫಟ್! ವೈರುಗಳನ್ನೆಲ್ಲ ಕಿತ್ತು, ಒರೆಸಿ, ಸಿಕ್ಕಿಸಿದ. ಫಟ್! ಅದರ ನೆತ್ತಿಗೊಂದು ಕೊಟ್ಟ. ಫಟ್! ಈ ಸಲದ ಸದ್ದು ಏಟಿನದು.

"ರೀ, ಮೊಮ್ಮಗಳಿಗೊಂದು ಫೋನ್ ಮಾಡಿ" ಎಂದಳು ಅಜ್ಜಿ.

"ಮಾಡಲ್ಲ! ಅವಳಿರೋದು ಬೀಗರ ಮನೇಲಿ. ಅವಳಿಗೆ ಹೇಳಿದ್ರೆ ಅವರಿಗೂ ಹೇಳಿದ ಹಾಗೇ!"

"ಹಾಗಾದ್ರೆ ಕಣ್ಣು ಬಿಟ್ಟು ನೋಡಿ. ಪ್ರತಿ ಸಲ ಒಂದೇ ಕಡೆ ಬಂದು ಸಾಯ್ತಾ ಇದೆ, ಆ ಪುಟಾಣಿ ಚಿತ್ರ ಮೂಡೋ ಹೊತ್ತಿಗೇ."

ತಾತ ಎದ್ದು ನಿಂತ. "ನಾನೂ ಅದನ್ನೇ ಹೇಳೋಣ ಅಂತಿದ್ದೆ! ಪೈಪಲ್ಲಿ ಏನೋ ಸಿಕ್ಕೊಂಡಿದೆ!"

ಸೆಟ್ಟಿಂಗ್ಸಿಗೆ ನುಗ್ಗಿ ಪುಟ್ಟ ಚಿತ್ರ ತೋರಿಸುವುದನ್ನೇ ಬಂದ್ ಮಾಡಿದ. ಫೋಲ್ಡರ್ ತೆರೆದುಕೊಂಡಿತು! ಆದರೆ ಹೆಸರುಗಳೆಲ್ಲ ಬರೀ ಅಂಕಿ. ಚಿತ್ರವಿಲ್ಲದೆ ಯಾವುದು ಹಾರ, ಯಾವುದು ಊಟ, ಹೇಗೆ ತಿಳಿಯಬೇಕು? ಅಡ್ಡ ಸಿಕ್ಕಿಕೊಂಡಿರುವ ಆ ಕಳ್ಳ ವಿಡಿಯೋವನ್ನು ಹಿಡಿಯಲೇಬೇಕು! ಸೋರುವ ಜಾಗ ಹುಡುಕುವ ಹಾಗೆ ಅರ್ಧ ವಿಡಿಯೋಗಳನ್ನು ಇನ್ನೊಂದು ಫೋಲ್ಡರಿಗೆ ಸಾಗಿಸಿ, ಪುಟ್ಟ ಚಿತ್ರ ಮತ್ತೆ ಮೂಡುವಂತೆ ಮಾಡಿ ನೋಡಿದ. ಫಟ್ ಎಂದ ಅರ್ಧವನ್ನು ಮತ್ತೆ ಅರ್ಧ ಮಾಡಿದ. ಹೀಗೇ ಸೋಸುತ್ತ ಸೋಸುತ್ತ ಕೊನೆಗೆ ಉಳಿದದ್ದು ಒಂದೇ ಫೈಲು.

"ಸಿಕ್ಕಿಬಿದ್ದ! ನನ್ನ ಮಾನ ಕಳೆಯೋಕೆ ಬಂದ ದರಿದ್ರ ಇವನೇ! ಯಾರು ತೆಗೆದಿದ್ದು ಇದನ್ನ?"

ಅಜ್ಜಿ ಕನ್ನಡಕ ಏರಿಸಿ ಫೈಲಿನ ಗಾತ್ರ ನೋಡಿದಳು. "ಇಷ್ಟು ದಪ್ಪಗಿರೋದು ಒಂದೇ ಅಲ್ವಾ. ತೆಗೆದಿದ್ದು ನಾನು. ಒಳಗಿರೋದು ನೀವು. ನಿಮ್ಮ ಆಶೀರ್ವಾದದ ಭಾಷಣ."

"ಬಂಗಾರದಂಥ ಭಾಷಣ! ಅದ್ಯಾಕೆ ಕೆಡುತ್ತೆ?"

"ನೀವು ಹೆಬ್ಬೆರಳಿನ ಕತೆಗೆ ಬರೋ ಹೊತ್ತಿಗೆ ಫೋನಿನ ಬ್ಯಾಟರಿ ಸತ್ತೋಯ್ತು. ವಿಡಿಯೋ ಮುಗೀಲೇ ಇಲ್ಲ. ಪಾಪ, ಕಂಪ್ಯೂಟರ್ ಅದರ ಕೊನೆ ಎಲ್ಲಿ ಅಂತ ಹುಡುಕ್ತಾ ಹುಡುಕ್ತಾ ಪ್ರಾಣ ಬಿಡ್ತಿದೆ. ಅಳಿಸಿಬಿಡಿ."

"ಅಳಿಸಲ್ಲ! ಬೇಕಾದ್ರೆ ಕಂಪ್ಯೂಟರೇ ಮನೆ ಬಿಟ್ಟು ಹೋಗಲಿ!"

ಅಷ್ಟರಲ್ಲಿ ಗೇಟಿನ ಸದ್ದಾಯಿತು. ತಾತ ಹಲ್ಲು ಕಚ್ಚಿ ಭಾಷಣಕ್ಕೆ ಬೇರೊಂದು ಫೋಲ್ಡರಿನಲ್ಲಿ ಬೇರೆ ಸಂಸಾರ ಹೂಡಿಕೊಟ್ಟ. ಉಳಿದದ್ದನ್ನೆಲ್ಲ ಮದುವೆ ಫೋಲ್ಡರಿಗೆ ಮರಳಿಸಿದ. ಟಿವಿಯಲ್ಲಿ ಮದುವೆ ಸರಾಗವಾಗಿ ಹರಿಯಿತು. ಎಲ್ಲ ಮುಗಿದ ಮೇಲೆ ಬೀಗರು, ಬರೀ ಮರ್ಯಾದೆಗೆ, "ಯಜಮಾನ್ರೇ, ನಿಮ್ಮ ಭಾಷಣ ಬರಲೇ ಇಲ್ಲವಲ್ಲ" ಅಂದುಬಿಟ್ಟರು. ಪಕ್ಕದಲ್ಲಿದ್ದ ಬೀಗಿತ್ತಿ ಅವರ ತೊಡೆ ಚಿವುಟಿದಳು. ತಡವಾಗಿತ್ತು.

ತಾತ ಎದೆ ಸೆಟೆಸಿ ನಿಂತ. "ಅದನ್ನ ಹೊರೋ ತಾಕತ್ತು ಯಂತ್ರಕ್ಕಿಲ್ಲ! ನನಗಿದೆ! ಮೊದಲಿಂದ ಹೇಳ್ತೀನಿ, ಪೂರ್ತಿ ಹೇಳ್ತೀನಿ! ಲೇ, ಫೋನ್ ಹಿಡ್ಕೋ!"

ಬೀಗರು ಬಾಗಿಲ ಕಡೆ ನೋಡಿದರು. ಅಜ್ಜಿ ಫೋನ್ ನೋಡಿದಳು.

"ಎರಡು ಪರ್ಸೆಂಟ್ ಇದೆ. ಸಾಕು, ಶುರು ಮಾಡಿ."