ಎಂಟರಲ್ಲಿ ನಿಲ್ಲಲೊಲ್ಲದ ಕ್ಷಾರತೆಯವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ, ನೂರೈವತ್ತು ಲೀಟರ್ ಉಪ್ಪುನೀರಿನೊಳಗೆ ಕಣ್ಣಿಗೆ ಬೀಳದಂತೆ ನೆಲೆಸಿ, ಒಂದು ಸಂಸಾರದ ನೆಮ್ಮದಿಯನ್ನು ಮನಸ್ಸಿಗೆ ಬಂದಂತೆ ಏರಿಸಿ ಇಳಿಸುತ್ತಿರುವ ಕ್ಷಾರತೆಯವರಿಗೆ, ಆ ತೊಟ್ಟಿಯನ್ನು ಏಳು ವಾರದ ಹಿಂದೆ ಹವಳ ಸಾಕಲು ಆಸೆಪಟ್ಟು ಕೂರಿಸಿದ ಲಿಫ್ಟ್ ಮೆಕ್ಯಾನಿಕ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪುಟ್ಟ ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು, ಅದು ನೀಲಿಯಿಂದ ಹಳದಿಗೆ ತಿರುಗುವ ತನಕ ಔಷಧದ ಹನಿಗಳನ್ನು ಎಣಿಸಿ, ಎಷ್ಟು ಹನಿಯೋ ಅಷ್ಟು ತಮ್ಮ ಮಟ್ಟವೆಂದು ಬರೆದಿಡುವವನು ನಾನೇ ಆದ್ದರಿಂದ, ತಮ್ಮ ಕ್ಷೇಮ ನನಗೆ ತಮಗಿಂತ ಚೆನ್ನಾಗಿ ಗೊತ್ತು.

ನನ್ನ ಕಸುಬಿನ ಬಗ್ಗೆ ಒಂದು ಮಾತು. ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ: ಎಂಟನೇ ಮಹಡಿ ಎಂದು ಗುಂಡಿ ಒತ್ತಿದರೆ ಲಿಫ್ಟು ಎಂಟನೇ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲುವಂತೆ ನೋಡಿಕೊಳ್ಳುವುದು. ಅರ್ಧ ಅಂಗುಲ ಹೆಚ್ಚುಕಮ್ಮಿಯಾದರೂ ಯಾರೋ ಎಡವುತ್ತಾರೆ, ನನಗೆ ಬೈಗುಳ ಬರುತ್ತದೆ. ತಾವೂ ಎಂಟರ ಆಸುಪಾಸಿನಲ್ಲಿದ್ದರೆ ಹವಳಕ್ಕೆ ಹಿತವೆಂದು ತಿಳಿದವರು ಹೇಳಿದ್ದರಿಂದ, ತಮ್ಮಲ್ಲಿಯೂ ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಬೇಡಿರಲಿಲ್ಲ. ತಾವಾದರೋ ಹೋದ ತಿಂಗಳು ಒಂದು ವಾರ, ಸೋಮವಾರ ಎಂಟು, ಮಂಗಳವಾರ ಹತ್ತು, ಗುರುವಾರ ಹನ್ನೆರಡು ಎಂದು ಯಾರೂ ಕರೆಯದೆ ಏರಿದಿರಿ. ಶುಕ್ರವಾರ ನೀರನ್ನೆಲ್ಲ ಹಾಲಿನಂತೆ ಬೆಳ್ಳಗೆ ಮಾಡಿ, ಪಂಪಿನ ಮೇಲೆ ಸುಣ್ಣದ ಪುಡಿ ಚೆಲ್ಲಿ, ಶನಿವಾರ ಬೆಳಿಗ್ಗೆ ಏನೂ ಆಗದವರ ಹಾಗೆ ಆರರಲ್ಲಿ ಕುಳಿತಿದ್ದಿರಿ. ಆಮೇಲಿನ ಎರಡು ವಾರವೂ ಇದೇ ಆಟ. ಇಂಥ ಲಿಫ್ಟಿಗೆ ನಾನಾದರೆ ಬೀಗ ಜಡಿದು ಫಲಕ ತೂಗುಹಾಕುತ್ತಿದ್ದೆ.

ತಮ್ಮ ಹಿರಿಮೆಯನ್ನು ಅರಿಯದೆ ಹೀಗೆ ಬರೆಯುತ್ತಿದ್ದೇನೆಂದು ತಿಳಿಯಬಾರದು. ನೀರು ಹುಳಿಯಾಗದಂತೆ ತಡೆದು ನಿಲ್ಲಿಸುವವರು ತಾವು. ಸುಣ್ಣದ ಜೊತೆ ಸೇರಿ ಹವಳಕ್ಕೆ ಮೂಳೆಯಾಗುವವರೂ ತಾವೇ. ಹೊಸ ತೊಟ್ಟಿಯಲ್ಲಿ ಮಾತ್ರ ಹವಳಕ್ಕಿಂತ ಮುಂಚೆ ಹೊಸ ಕಲ್ಲು, ಹೊಸ ಮರಳು, ಕಲ್ಲಿಗೆ ಅಂಟುವ ಪಾಚಿ ಎಲ್ಲವೂ ಮೊದಲ ಪಂಕ್ತಿಯಲ್ಲೇ ಕುಳಿತು ತಮ್ಮನ್ನು ಉಣ್ಣುತ್ತವಂತೆ. ಹೀಗಾಗಿ ತಾವು ದಿನಕ್ಕೊಂದು ಹನಿ ಇಳಿಯುವುದು ಸಹಜ, ಅದನ್ನು ಒಂದು ಪುಟ್ಟ ಚಮಚ ಅಡುಗೆ ಸೋಡಾ ತುಂಬಿಕೊಡುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನನ್ನ ಅಕ್ಕ.

ಅಕ್ಕನ ವಿಷಯಕ್ಕೇ ಈ ಪತ್ರ. ಹದಿನಾಲ್ಕು ವರ್ಷ ಇದರ ಎರಡರಷ್ಟು ದೊಡ್ಡ ತೊಟ್ಟಿ ಸಾಕಿದವಳು, ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ನೀರಿನ ಬಕೆಟ್ ಎತ್ತಲಾಗದೆ ಎಲ್ಲವನ್ನೂ ಅವರಿವರಿಗೆ ಹಂಚಿ, ತನ್ನಲ್ಲಿದ್ದ ಅತಿ ಹಳೆಯ ಹವಳದ ಬೆರಳುದ್ದದ ನೇರಳೆ ಕವಲೊಂದನ್ನು ನನ್ನ ಕೈಗಿಟ್ಟು, "ಇದೊಂದು ಉಳಿಸ್ಕೊಳ್ಳೋ, ಸಾಕು" ಎಂದಿದ್ದಳು. ತಮ್ಮ ಏರಿಳಿತಕ್ಕೆ ಆ ಕವಲಿನ ಬುಡ ಅರ್ಧ ಬೆಳ್ಳಗಾಗಿದೆ. ನಾಳೆ ಭಾನುವಾರ ಅಕ್ಕ ಊಟಕ್ಕೆ ಬರುತ್ತಾಳೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ.

ಆದಕಾರಣ ನನ್ನ ಬೇಡಿಕೆಗಳನ್ನು ಪರಿಶೀಲಿಸಬೇಕು. ಇನ್ನು ಮುಂದೆ ಏರುವುದಿದ್ದರೆ ಮೂರು ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು. ಇಳಿಯುವಾಗ ಮೆಟ್ಟಿಲ ಮೇಲೆ ಇಳಿಯಬೇಕೇ ಹೊರತು ಹಾರಬಾರದು. ಬೆಳ್ಳಗಾದ ಬುಡಕ್ಕೆ ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ನೇರಳೆ ಬಣ್ಣ ಮರಳಿ ಕೊಡಬೇಕು. ಅದಾಗದಿದ್ದರೆ, ಬುಡ ಯಾವಾಗಲೂ ಹಾಗೆಯೇ ಇತ್ತೆಂದು ಅಕ್ಕನಿಗಾದರೂ ಮರೆವು ಕೊಡಬೇಕು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಟ್ಟರೆ ನನ್ನ ಕಸುಬಿಗೇ ಮೋಸ. ಲಿಫ್ಟು ತಾನಾಗಿಯೇ ಓಡಾಡುತ್ತದೆಂದು ದೂರು ಬಂದಾಗ ನಾನು ಮೊದಲು ಯಂತ್ರ ಬಿಚ್ಚುವುದಿಲ್ಲ. ಮೆಟ್ಟಿಲ ಮೇಲೆ ಕುಳಿತು ಯಾರು ಯಾರು ಗುಂಡಿ ಒತ್ತುತ್ತಾರೆಂದು ನೋಡುತ್ತೇನೆ. ಊರವರ ಮನೆಯಲ್ಲಿ ಇದ್ದ ಈ ಬುದ್ಧಿ ನಮ್ಮ ಮನೆಯಲ್ಲಿ ಬರಲು ಮೂರು ವಾರ ಬೇಕಾಯಿತು. ಹೋದ ವಾರ ನನ್ನ ರಜೆಯ ದಿನ ಪತ್ರಿಕೆ ಅಡ್ಡ ಹಿಡಿದು ನಡುಮನೆಯಲ್ಲಿ ಕುಳಿತೆ. ಶಾಲೆಯ ಗ್ರಂಥಾಲಯದ ಕೆಲಸಕ್ಕೆ ಹೊರಟ ನನ್ನ ಹೆಂಡತಿ ಚಪ್ಪಲಿ ಮೆಟ್ಟುವ ಮೊದಲು ತೊಟ್ಟಿಗೆ ಎರಡು ಚಮಚ ಸೋಡಾ ಕರಗಿಸಿ ಸುರಿದಳು. ವಾಕಿಂಗ್ ಮುಗಿಸಿ ಬಂದ ಮಾವ, ಅಂದರೆ ಅವಳ ತಂದೆ, ಕನ್ನಡಕ ಏರಿಸಿ ತೊಟ್ಟಿಯ ಮೇಲಿನ ಚೀಟಿ ಓದಿ, ಇನ್ನೆರಡು ಸುರಿದರು. ನನ್ನ ಪಾಲಿನ ಎರಡನ್ನು ನಾನು ಮುಂಜಾನೆಯೇ ಹಾಕಿಯಾಗಿತ್ತು.

ಆ ಚೀಟಿ ನನ್ನದೇ. ಕೆಲಸದ ಜಾಗದಲ್ಲಿ ಫಲಕ ಬರೆದು ರೂಢಿಯಾಗಿ, "ದಿನಕ್ಕೆ ಒಂದು ಚಮಚ ಸೋಡಾ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ತಾವು ಹತ್ತಕ್ಕೇರಿದಾಗ ನಾನೊಬ್ಬ ಹಾಕುವುದು ಬಿಟ್ಟೆನೇ ವಿನಾ ಚೀಟಿ ಕೀಳಲಿಲ್ಲ, ಆರಕ್ಕೆ ಬಿದ್ದಾಗ ಒಂದನ್ನು ತಿದ್ದಿ ಎರಡು ಮಾಡಿದೆ. ಕಂಡ ಕೆಲಸವನ್ನು ಕಂಡವರು ಮಾಡಬೇಕು, ಮಾಡಿದೆನೆಂದು ಹೇಳಿಕೊಳ್ಳಬಾರದು ಎಂಬುದು ನನಗೂ ಅಕ್ಕನಿಗೂ ಅಮ್ಮ ಕಲಿಸಿದ ಪಾಠ. ಹೆಂಡತಿ, ಮಾವ ಇಬ್ಬರಿಗೂ ಅದನ್ನು ನಾನೇ ಅಂಟಿಸಿದ್ದೇನೆ. ಕೇಳಿದ್ದಕ್ಕೆ ಹೆಂಡತಿ, "ಚೀಟಿ ಅಂಟಿಸಿದ್ದು ನೀವು, ಈಗ ಓದಿದ್ದು ನಮ್ಮ ತಪ್ಪಾ?" ಎಂದಳು. ನಿವೃತ್ತ ಬಸ್ ಚಾಲಕರಾದ ಮಾವ, "ಬೋರ್ಡ್ ಕಂಡ್ಮೇಲೆ ಸುಮ್ನೆ ಮುಂದಕ್ಕೆ ಹೋಗೋಕಾಗುತ್ತಾ ಅಳಿಯಂದ್ರೇ?" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ವಾರ ನೀರು ಡೊಂಕು ಎಂದೆ.

ಚೀಟಿ ಕಿತ್ತೆಸೆದಿದ್ದೇನೆ. ಈಗ ಬೆಳಿಗ್ಗೆ ನಾನೊಬ್ಬನೇ ಒಂದೇ ಚಮಚ ಹಾಕುತ್ತೇನೆ, ತಾವೂ ನಾಲ್ಕು ದಿನಗಳಿಂದ ಎಂಟರಲ್ಲಿದ್ದೀರಿ. ಹವಳದ ತುದಿಯಲ್ಲಿ ಪುಟ್ಟ ಬಾಯಿಗಳು ಮತ್ತೆ ತೆರೆದಿವೆ. ಇದುವರೆಗೆ ಆಡಿದ್ದನ್ನು ಹೊಟ್ಟೆಗೆ ಹಾಕಿಕೊಂಡು, ನಾಳೆ ಒಂದು ದಿನ ಮಾನ ಉಳಿಸಬೇಕಾಗಿ ಪ್ರಾರ್ಥನೆ.

ಏರಿದರೂ ಇಳಿದರೂ ತಮ್ಮ ವಿಶ್ವಾಸಿ,
ಲಿಫ್ಟ್ ಮೆಕ್ಯಾನಿಕ್

ತಾ.ಕ.: ಅಂಚೆಗೆ ಹಾಕುವ ಮೊದಲು ಸೋಮವಾರ ಬೆಳಿಗ್ಗೆ ಇದಿಷ್ಟು ಸೇರಿಸುತ್ತಿದ್ದೇನೆ. ಅಕ್ಕ ಬಂದಳು, ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ಬುಡ ಹೋಗಿದೆ, ತುದಿ ಇದೆ. ನನ್ನ ಮೊದಲನೇ ವರ್ಷ ತುದೀನೂ ಇರ್ಲಿಲ್ಲ ಕಣೋ" ಎಂದಳು. ಆಮೇಲೆ ನಾವು ಮೂವರೂ ಬಡಿಸಲು ಅಡುಗೆಮನೆಗೆ ಹೋದೆವು, ಅವಳು "ಈಗ ಬಂದೆ" ಎಂದು ಅಲ್ಲೇ ಕುಳಿತಳು. ಇಂದು ಬೆಳಿಗ್ಗೆ ನೋಡಿದರೆ ಸೋಡಾ ಡಬ್ಬದ ಮುಚ್ಚಳ ಸಡಿಲ, ತಾವು ಒಂಬತ್ತು. ಚೀಟಿಯಿಲ್ಲದಿದ್ದರೂ ಆ ಕೈ ಸುಮ್ಮನಿರಲಿಲ್ಲ. ಮುಂದಿನ ಭಾನುವಾರವೂ ಬರಲು ಹೇಳಿದ್ದೇನೆ. ಅವಳು ಬರುವ ಹೊತ್ತಿಗೆ ತಾವು ಏಳಕ್ಕೆ ಇಳಿದಿರತಕ್ಕದ್ದು. ಇಳಿಯುವುದರಲ್ಲಿ ತಮ್ಮ ಸಾಮರ್ಥ್ಯವನ್ನು ನಾನು ಬಲ್ಲೆ. ಅಂದು ನನ್ನ ಚಮಚ ನಾನು ಹಾಕುವುದಿಲ್ಲ, ಅದು ಅಕ್ಕನ ಪಾಲು.